ಯಾವ ಕಾದಂಬರಿ ಮೊದಲು? ಹತ್ತಾರು ಪುಸ್ತಕ, ಮೂವರು ಓದುಗರು

ನಮ್ಮದೊಂದು ಸಣ್ಣ ಓದುವ ಗುಂಪು. ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತೇವೆ. ಒಮ್ಮೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಇನ್ನೊಮ್ಮೆ ಧಾರವಾಡದ ಮಾಳಮಡ್ಡಿಯಲ್ಲಿ. ನಿಯಮ ಒಂದೇ. ಪ್ರತಿಯೊಬ್ಬರೂ ಎರಡು ಪುಸ್ತಕ ತರಬೇಕು. ಒಂದು ಓದಿ ಮೆಚ್ಚಿದ್ದು, ಇನ್ನೊಂದು ಮನೆಯಲ್ಲಿದ್ದೂ ಓದದೇ ಉಳಿದದ್ದು. ಗಿರ್ಮಿಟ್ಟು, ಮಿರ್ಚಿ, ಚಹಾ ಮುಗಿದ ಮೇಲೆ ಮಾತು ಶುರು. ಎರಡನೆಯ ಪುಸ್ತಕ ಹೊರತೆಗೆಯುವಾಗ ಎಲ್ಲರೂ ಸ್ವಲ್ಪ ಕಳ್ಳರ ಹಾಗೆ ನಗುತ್ತಾರೆ.

ಹೋದ ಸಲ ಮೂವರು ಹೊಸಬರು ಬಂದಿದ್ದರು. ಮೂವರದೂ ಒಂದೇ ಪ್ರಶ್ನೆ. "ಅಕ್ಕಾರ, ಹೆಸರು ಬಾಳ ಕೇಳೇವಿ. ಕುವೆಂಪು, ಕಾರಂತ, ಭೈರಪ್ಪ, ಎಲ್ಲಾ ಗೊತ್ತು. ಆದ್ರ ಯಾವ್ದರಿಂದ ಚಾಲೂ ಮಾಡೂದು?"

ಒಬ್ಬರು ಗದಗದಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಬಂದು ಹೋಗುವ ಬ್ಯಾಂಕ್ ನೌಕರ. ಹೋಗಲು ಒಂದು ತಾಸು, ಬರಲು ಒಂದು ತಾಸು. ಎರಡನೆಯವಳು ಹಾವೇರಿ ಕಡೆಯ ಹುಡುಗಿ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಕೈಯಲ್ಲಿ ರೊಕ್ಕ ಕಡಿಮೆ, ತಲೆಯಲ್ಲಿ ಒತ್ತಡ ಜಾಸ್ತಿ. ಮೂರನೆಯವರು ನಿವೃತ್ತ ಶಿಕ್ಷಕಿ. ಹೊತ್ತು ಬೇಕಾದಷ್ಟಿದೆ, ಆದರೆ ಕಣ್ಣಿನ ಆಪರೇಷನ್ ಆಗಿದೆ.

ಮೂವರಿಗೂ ಒಂದೇ ಪುಸ್ತಕ ಹೇಳಿದ್ದರೆ ಇಬ್ಬರಿಗಾದರೂ ಮೋಸ ಆಗುತ್ತಿತ್ತು. ನಾನು ಹಿಂದೆ ಹಾಗೆ ಮಾಡಿದ್ದೇನೆ. ಯಾರು ಕೇಳಿದರೂ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಅವರಲ್ಲಿ ಎಷ್ಟೋ ಜನ ಐವತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿ ಇಟ್ಟರು. ಆ ಟಿಕೆಟ್ ಅಲ್ಲೇ ಹಳದಿಯಾಯಿತು.

ಈಗ ನಾನು ಬೇರೆ ರೀತಿ ಅಳೆಯುತ್ತೇನೆ. ಮೊದಲು ಕಿವಿ. ಪುಸ್ತಕದ ಮಾತು ನಿಮ್ಮ ಮನೆಯ ಮಾತಿಗೆ ಎಷ್ಟು ಹತ್ತಿರ? ನಮ್ಮ ಕಡೆಯ ಓದುಗರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೈಸೂರು, ಮಲೆನಾಡಿನ ಕನ್ನಡವೇ ಕಾದಂಬರಿಯ ಕನ್ನಡ ಎಂದು ಶಾಲೆಯಿಂದಲೇ ನಂಬಿಬಿಟ್ಟಿದ್ದೇವೆ. ಎರಡನೆಯದು ಹೊತ್ತು. ದಿನಕ್ಕೆ ಎಷ್ಟು ಪುಟ ಎನ್ನುವುದಕ್ಕಿಂತ, ಒಂದೇ ಸಲ ಎಷ್ಟು ಹೊತ್ತು ಕೂರಬಲ್ಲಿರಿ ಎನ್ನುವುದು ಮುಖ್ಯ. ಮೂರನೆಯದು ಭಾರ. ಪುಸ್ತಕದ ತೂಕ ಅಲ್ಲ, ಓದಿದ ಮೇಲೆ ಎದೆಯ ಮೇಲೆ ಕೂರುವ ತೂಕ. ಆಮೇಲೆ ರೊಕ್ಕ. ಕೊನೆಗೆ ಅಕ್ಷರದ ಗಾತ್ರ. ನಗಬೇಡಿ, ನಲವತ್ತೈದು ದಾಟಿದವರಿಗೆ ಗೊತ್ತು.

ಪ್ರಶಸ್ತಿಯನ್ನು ನಾನು ಅಳತೆಗೆ ತೆಗೆದುಕೊಂಡಿಲ್ಲ. ಜ್ಞಾನಪೀಠ ಬಂದವರ ಎಲ್ಲ ಪುಸ್ತಕವೂ ಮೊದಲ ಓದಿಗೆ ಒಗ್ಗುವುದಿಲ್ಲ.

ತೆಳ್ಳಗಿನವುಗಳಿಂದ ಶುರು ಮಾಡೋಣ. ಶಿವರಾಮ ಕಾರಂತರ 'ಚೋಮನ ದುಡಿ', ಅನಂತಮೂರ್ತಿಯವರ 'ಸಂಸ್ಕಾರ', ತೇಜಸ್ವಿಯವರ 'ಕರ್ವಾಲೊ'. ಮೂರೂ ಇನ್ನೂರು ಪುಟದೊಳಗಿನವು. ಮೂರೂ ಸುಲಭವಾಗಿ ಸಿಗುತ್ತವೆ. ಬೆಲೆಯೂ ಹೋಟೆಲಿನಲ್ಲಿ ಇಬ್ಬರು ಊಟ ಮಾಡಿದಷ್ಟೂ ಆಗಲಾರದು. ಆದರೆ ತೆಳ್ಳಗಿವೆ ಎಂದ ಮಾತ್ರಕ್ಕೆ ಮೂರೂ ಹಗುರ ಎಂದುಕೊಂಡರೆ ತಪ್ಪು.

'ಚೋಮನ ದುಡಿ' ಎರಡು ಸಂಜೆಯಲ್ಲಿ ಮುಗಿಯುತ್ತದೆ. ಚೋಮ ದಲಿತ ಕೂಲಿಯಾಳು. ಅವನಿಗೆ ಒಂದೇ ಆಸೆ, ಸ್ವಂತ ಬೇಸಾಯಕ್ಕೆ ಒಂದು ತುಂಡು ಭೂಮಿ. ಸಾಲ ತೀರುವುದಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ, ಉಳಿಯುವುದು ದುಡಿಯ ಸದ್ದು. ದಕ್ಷಿಣ ಕನ್ನಡದ ಕಥೆ. ಆದರೂ ಭಾಷೆ ತೊಡಕಲ್ಲ. ಕಾರಂತರು ವಾಕ್ಯವನ್ನು ಅಲಂಕಾರ ಮಾಡುವವರಲ್ಲ, ಕಟ್ಟಿಗೆ ಸೀಳಿದ ಹಾಗೆ ಬರೆಯುತ್ತಾರೆ. ಬಿ.ವಿ. ಕಾರಂತರು ಇದನ್ನು 1975ರಲ್ಲಿ ಸಿನಿಮಾ ಮಾಡಿದರು. "ಸಿನಿಮಾ ನೋಡೇನ್ರಿ, ಮತ್ತ ಓದೂದು ಯಾಕ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಸಿನಿಮಾದಲ್ಲಿ ಚೋಮನ ಮುಖ ಕಾಣುತ್ತದೆ. ಪುಸ್ತಕದಲ್ಲಿ ಅವನು ಮನಸ್ಸಿನಲ್ಲೇ ಹಾಕುವ ಲೆಕ್ಕ ಕೇಳಿಸುತ್ತದೆ. ಸಾಲದ ಮನೆಯಲ್ಲಿ ಬೆಳೆದವರಿಗೆ ಆ ಲೆಕ್ಕ ಬೇಗ ಗುರುತಾಗುತ್ತದೆ. ಪರೀಕ್ಷೆಯ ಒತ್ತಡದಲ್ಲಿ ಇರುವವರಿಗೆ ಮಾತ್ರ ನಾನಿದನ್ನು ಕೊಡುವುದಿಲ್ಲ. ಓದಿ ಎರಡು ದಿನ ಸುಮ್ನೆ ಕೂರಬೇಕಾಗುತ್ತದೆ.

'ಸಂಸ್ಕಾರ' 1965ರದು. ಇದನ್ನು ಮೊದಲು ಹೊರತಂದದ್ದು ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ ಎಂದು ಹೇಳಿದರೆ ಊರಿನ ಹುಡುಗರೇ ಕಣ್ಣರಳಿಸುತ್ತಾರೆ. ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಆಚಾರ ಬಿಟ್ಟವನು, ಆದರೆ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಅದು ತೀರ್ಮಾನ ಆಗುವವರೆಗೆ ಯಾರೂ ಉಣ್ಣುವ ಹಾಗಿಲ್ಲ. ಈ ಹಸಿವೇ ಕಥೆಯನ್ನು ಓಡಿಸುತ್ತದೆ. ಮೊದಲ ಅರ್ಧ ಪತ್ತೇದಾರಿ ಕಾದಂಬರಿಯಷ್ಟು ಬಿಗಿ. ಉಳಿದರ್ಧ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ತಲೆಯೊಳಗಿನ ಅಲೆದಾಟ. ಅಲ್ಲಿ ಕೆಲವರು ಕಳೆದುಹೋಗುತ್ತಾರೆ. ನಾನೂ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಳೆದುಹೋಗಿದ್ದೆ. ಮೂವತ್ತೈದಕ್ಕೆ ಮತ್ತೆ ಓದಿದಾಗ ಆ ಉಳಿದರ್ಧವೇ ಹಿಡಿಸಿತು. ವಾದ ಮಾಡುವ ಚಟ ಇರುವ ಗೆಳೆಯರ ಗುಂಪಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ನಮ್ಮಲ್ಲಿ ಇದರ ಮೇಲೆ ನಡೆದ ಮಾತು ರಾತ್ರಿ ಹತ್ತಕ್ಕೆ ಮುಗಿಯಲಿಲ್ಲ, ಹುಬ್ಬಳ್ಳಿ-ಧಾರವಾಡ ನಡುವಿನ ಕೊನೆಯ ಚಿಗರಿ ಬಸ್ ಹಿಡಿಯಲು ಮೂವರು ಓಡಿದರು.

'ಕರ್ವಾಲೊ' ಬೇರೆಯೇ ಜಾತಿ. 1980ರದು. ಒಬ್ಬ ವಿಜ್ಞಾನಿ, ಒಬ್ಬ ಬೇಸತ್ತ ಕೃಷಿಕ, ಮಂದಣ್ಣ ಎಂಬ ಹಳ್ಳಿ ಹುಡುಗ, ಕಿವಿ ಎಂಬ ನಾಯಿ. ಇವರೆಲ್ಲ ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ. ನಗು ತಡೆಯಲಾಗುವುದಿಲ್ಲ. ನಗುತ್ತ ನಗುತ್ತಲೇ ಮನುಷ್ಯ ಎಷ್ಟು ಸಣ್ಣವನು ಎನ್ನುವಲ್ಲಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ನಾನಿದನ್ನು ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿನಲ್ಲೇ ಓದಿ ಮುಗಿಸಿದ್ದು. ನವನಗರ ಬಂದಾಗ ನಕ್ಕು, ಪಕ್ಕದವರು ಸೀಟು ಬದಲಿಸಿದರು. ಶಾಲೆ ಮುಗಿದ ಮೇಲೆ ಒಂದೂ ಕನ್ನಡ ಪುಸ್ತಕ ಮುಟ್ಟದವರಿಗೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕಣ್ಣು ಮುಚ್ಚಿ ಇದನ್ನು ಕೊಡಬಹುದು. ಕೊರತೆ ಒಂದೇ. ಇದಾದ ಮೇಲೆ ಎಲ್ಲ ಕ್ಲಾಸಿಕ್‌ಗಳೂ ಹೀಗೇ ಓಡುತ್ತವೆ ಎಂದು ನಿರೀಕ್ಷೆ ಹುಟ್ಟುತ್ತದೆ. ಓಡುವುದಿಲ್ಲ.

ತೆಳ್ಳಗಿನವುಗಳ ಸಾಲಿನಲ್ಲೇ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಇದೆ. 1976ರಲ್ಲಿ ಬಂದದ್ದು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಹೆಂಗಸಿನ ಕಥೆ. ಅಜ್ಜಿ ಒಲೆಯ ಮುಂದೆ ಕೂತು ಹೇಳಿದ ಹಾಗಿದೆ. ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವುದಾದರೆ ನನ್ನ ಮೊದಲ ಆಯ್ಕೆ ಇದೇ. ನನ್ನ ಅವ್ವ ಕಾದಂಬರಿ ಓದುವವಳಲ್ಲ. ಇದನ್ನು ಕೇಳುತ್ತ ಕಾಳು ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿ, "ನಮ್ಮ ಸ್ವಾದರತ್ತಿ ಹಿಂಗ ಇದ್ಲು" ಎಂದು ಶುರು ಮಾಡಿದಳು. ಆ ಅತ್ತೆಯ ಕಥೆ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ.

ಈಗ ನಮ್ಮ ಮಾತಿನ ಪುಸ್ತಕಗಳಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ.

ಶಂಕರ ಮೊಕಾಶಿ ಪುಣೇಕರರ 'ಗಂಗವ್ವ ಗಂಗಾಮಾಯಿ' 1956ರದು. ಪುಣೇಕರರು ಧಾರವಾಡದಲ್ಲೇ ಹುಟ್ಟಿದವರು, ಕಥೆಯೂ ಈ ಕಡೆಯದೇ. ಗಂಗವ್ವ, ಅವಳ ಮಗ, ಹಳೆಯ ದ್ವೇಷ ಮತ್ತು ರೊಕ್ಕದ ವ್ಯವಹಾರ ಬಿಡದ ಬಂಧುಗಳು. ಕಥೆ ಇಷ್ಟೇ ಎಂದು ಹೇಳಿದರೆ ಏನೂ ಹೇಳಿದ ಹಾಗಲ್ಲ. ಇದರ ಜೀವ ಇರುವುದು ಮಾತಿನಲ್ಲಿ. ಮುಖಕ್ಕೆ ಒಂದು ಹೇಳಿ ಒಳಗೆ ಇನ್ನೊಂದು ಇಟ್ಟುಕೊಳ್ಳುವ ನಮ್ಮ ಮಂದಿಯ ರೀತಿ, ಚೇಷ್ಟೆಯಲ್ಲಿ ಮುಚ್ಚಿಟ್ಟ ಸಿಟ್ಟು, ಊಟಕ್ಕೆ ಕರೆಯುವುದರಲ್ಲೂ ಇರುವ ಲೆಕ್ಕಾಚಾರ. ನಾನು ಮೊದಲ ಸಲ ಓದುವಾಗ ಸಂಭಾಷಣೆಯನ್ನು ಗಟ್ಟಿಯಾಗಿ ಓದತೊಡಗಿದೆ. ನನ್ನ ಸೋದರಮಾವನ ದನಿ ಕೇಳಿಸಿತು. ಕಾದಂಬರಿಯಲ್ಲಿ ನಮ್ಮ ದನಿಗೂ ಜಾಗ ಇದೆ ಎಂದು ನನಗೆ ಗೊತ್ತಾದದ್ದು ಆವತ್ತು. ಅಲ್ಲಿಯವರೆಗೆ ಪುಸ್ತಕದಲ್ಲಿ ನಮ್ಮ ಭಾಷೆ ಬಂದರೆ ಅದು ಆಳಿನ ಬಾಯಲ್ಲೋ ನಗಿಸುವವನ ಬಾಯಲ್ಲೋ ಬರುತ್ತದೆ ಎಂದು ತಿಳಿದಿದ್ದೆ.

ರಾವಬಹಾದ್ದೂರರ 'ಗ್ರಾಮಾಯಣ' ಅದರ ಮರುವರ್ಷ, 1957ರಲ್ಲಿ ಬಂತು. ಇದು ಒಬ್ಬರ ಕಥೆಯಲ್ಲ, ಇಡೀ ಹಳ್ಳಿಯದು. ಊರು ಒಳಗಿನಿಂದಲೇ ಹೇಗೆ ಕುಸಿಯುತ್ತ ಹೋಗುತ್ತದೆ ಎಂದು ತೋರಿಸುತ್ತದೆ. ಗೌಡಕಿ, ಕುಲಕರ್ಣಿಕಿ, ಪಾರ್ಟಿ, ಪಂಚಾಯ್ತಿ ನೋಡಿದವರು ಒಬ್ಬೊಬ್ಬ ಪಾತ್ರಕ್ಕೂ ತಮ್ಮ ಊರಿನ ಒಬ್ಬೊಬ್ಬರ ಹೆಸರಿಡುತ್ತಾರೆ. ಪಾತ್ರಗಳು ಬಹಳ, ಓಟ ನಿಧಾನ. ಅಂಗಡಿಯಲ್ಲಿ ಕೇಳಿದಾಗಲೆಲ್ಲ ಸಿಗುವ ಪುಸ್ತಕವೂ ಅಲ್ಲ. ನಾನು ಗ್ರಂಥಾಲಯದಿಂದ ತಂದು ಓದಿದೆ. ಎರಡರಲ್ಲಿ ಒಂದೇ ಓದಲು ಹೊತ್ತಿದ್ದರೆ? ಪೇಟೆಯಲ್ಲಿ ಬೆಳೆದವರು ಗಂಗವ್ವನ ಕಡೆ ಹೋಗಿ. ಹಳ್ಳಿ ಬಿಟ್ಟು ಬಂದು ಈಗ ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವವರು 'ಗ್ರಾಮಾಯಣ' ಹಿಡಿಯಿರಿ.

ಕಂಬಾರರ 'ಕರಿಮಾಯಿ' 1975ರದು. ಬೆಳಗಾವಿ ಸೀಮೆಯ ಮಾತು. ಶಿವಾಪುರ ಎಂಬ ಊರು, ಊರ ತಾಯಿ ಕರಿಮಾಯಿ, ಪೇಟೆಯ ವಿದ್ಯೆ ಕಲಿತು ಬಂದು ಊರನ್ನು ಬದಲಿಸಲು ಹೊರಟ ಗುಡಸೀಕರ. ಸಣ್ಣಾಟ, ಬಯಲಾಟ ನೋಡಿದವರಿಗೆ ಈ ಕಥೆಯ ತಾಳ ತಕ್ಷಣ ಹಿಡಿಯುತ್ತದೆ. ಮೂರರಲ್ಲಿ ಅತ್ಯಂತ ರಂಗಾದದ್ದು ಇದು. ತೀರಾ ನೇರವಾದ ಕಥೆಯೇ ಬೇಕು ಎನ್ನುವವರಿಗೆ ಪುರಾಣ, ಕನಸು, ರಾಜಕೀಯ ಎಲ್ಲ ಕಲಸಿದ್ದು ಸ್ವಲ್ಪ ಕಿರಿಕಿರಿ ಆಗಬಹುದು.

ಇದರ ಎದುರಿಗೆ ದೇವನೂರರ 'ಕುಸುಮಬಾಲೆ' ಇಟ್ಟು ನೋಡಿ. 1988ರ ಸಣ್ಣ ಪುಸ್ತಕ, ದೊಡ್ಡ ಕೃತಿ. ಆದರೆ ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಹುಬ್ಬಳ್ಳಿಯವರಿಗೆ ಮೊದಲ ಹತ್ತು ಪುಟ ಬೇರೆ ಭಾಷೆಯೇ ಅನಿಸುತ್ತದೆ. ನಾವು ಅಲ್ಲಿ ಎಡವುವ ಹಾಗೇ ಮೈಸೂರಿನವರು ಗಂಗವ್ವನಲ್ಲಿ ಎಡವುತ್ತಾರೆ. ಇದಕ್ಕೇ ನಾನು ಕಿವಿ ಮೊದಲು ಎನ್ನುವುದು. ಹತ್ತಾರು ಪುಸ್ತಕ ಓದಿ ಕಿವಿ ಪಳಗಿದ ಮೇಲೆ ಇದನ್ನು ಗಟ್ಟಿಯಾಗಿ ಓದಿ, ಆಮೇಲೆ ಬಿಡಲು ಮನಸ್ಸಾಗುವುದಿಲ್ಲ.

ಇನ್ನು ದಪ್ಪಗಿನವು.

ಭೈರಪ್ಪನವರಲ್ಲಿ ಎಲ್ಲರೂ ಮೊದಲು 'ಪರ್ವ'ಕ್ಕೆ ಕೈ ಹಾಕುತ್ತಾರೆ. 1979ರದು, ಮಹಾಭಾರತವನ್ನು ದೇವರು-ಪವಾಡ ಇಲ್ಲದೆ ಮನುಷ್ಯರ ಕಥೆಯಾಗಿ ಹೇಳುವ ಕಾದಂಬರಿ. ಮಹಾಭಾರತ ಚೆನ್ನಾಗಿ ಗೊತ್ತಿರುವವರಿಗೆ ಹಬ್ಬ. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಹೆಸರು ಕೇಳುತ್ತ ಬೆಳೆದವರಿಗಂತೂ ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಆಸೆ ಆಗುತ್ತದೆ. ಕುಮಾರವ್ಯಾಸನ ಭಾರತದಲ್ಲಿ ಎಲ್ಲೆಲ್ಲೂ ಕೃಷ್ಣನ ಲೀಲೆ, 'ಪರ್ವ'ದಲ್ಲಿ ಬೆವರು, ಹಸಿವು, ಮುಪ್ಪು. ಆದರೆ ಕಥೆ ಶುರುವಾಗುವುದೇ ಮದ್ರ ದೇಶದ ಮುದಿ ಶಲ್ಯನ ಮನೆಯಲ್ಲಿ. ಯಾರು ಯಾರ ಮಗ ಎಂದು ಗೊತ್ತಿಲ್ಲದವರು ಅಲ್ಲೇ ನಿಲ್ಲುತ್ತಾರೆ. ಟಿವಿಯಲ್ಲಿ ನೋಡಿದ ಮಹಾಭಾರತ ಮಾತ್ರ ಗೊತ್ತಿದ್ದರೆ ಸ್ವಲ್ಪ ತಡೆಯಿರಿ.

ನನ್ನ ಮತ 'ಗೃಹಭಂಗ'ಕ್ಕೆ. 1970ರದು. ಹಳೆ ಮೈಸೂರಿನ ತಿಪಟೂರು-ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಶ್ಯಾನುಭೋಗಿಕೆ ಗಂಡನ ಹೆಸರಲ್ಲಿ, ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ. ಎಲೆ ಹಚ್ಚಿ, ಲೆಕ್ಕ ಬರೆದು ಮಕ್ಕಳನ್ನು ಸಾಕುತ್ತಾಳೆ. ಅತ್ತೆ ಗಂಗಮ್ಮನ ಬಾಯಿ ನೆನೆದರೆ ಈಗಲೂ ಬೆಚ್ಚುತ್ತೇನೆ. ಮಾತು ನಮ್ಮದಲ್ಲ, ಆದರೆ ಆ ಮನೆಯ ಜಗಳ ನಮ್ಮೂರಲ್ಲೂ ಇದೆ. ಪುಟ ನೂರಾರು, ಓಟ ಮಾತ್ರ ತೀವ್ರ. ಒಂದು ಎಚ್ಚರಿಕೆ. ಇದರಲ್ಲಿ ಪ್ಲೇಗು ಬರುತ್ತದೆ. ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು ಈಗಲೇ ಇದನ್ನು ಓದಬೇಡಿ. ನಾನು ತಿಳಿಯದೆ ಅಂಥ ಒಬ್ಬರಿಗೆ ಕೊಟ್ಟಿದ್ದೆ. ಅವರು ಪುಸ್ತಕ ತಿರುಗಿ ಕೊಡುವಾಗ ಏನೂ ಹೇಳಲಿಲ್ಲ. ನನಗೆ ಅರ್ಥ ಆಯಿತು.

ಅಂದಹಾಗೆ ಭೈರಪ್ಪನವರು ಮೇಷ್ಟರಾಗಿ ಕೆಲಸ ಶುರು ಮಾಡಿದ್ದು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ. ವಿದ್ಯಾನಗರದ ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೇ ಇದು ಗೊತ್ತಿರುವುದಿಲ್ಲ.

ಈಗ 'ಮಲೆಗಳಲ್ಲಿ ಮದುಮಗಳು'. 1967ರದು, ಏಳುನೂರು ಪುಟದ ಆಸುಪಾಸು. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಕಾಡೊಳಗೆ ಹೊಕ್ಕರೆ ಹೊರಬರಲು ತಿಂಗಳುಗಳೇ ಬೇಕು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿರುವ ಕಾಲ. ಅತ್ತ ಚಿಕಾಗೋದಲ್ಲಿ ವಿವೇಕಾನಂದರು ಮಾತಾಡುವ ಹೊತ್ತಿಗೆ ಇತ್ತ ಮಲೆನಾಡಿನ ಕೊಂಪೆಯಲ್ಲಿ ಕೂಲಿಯಾಳು, ಹೆಗ್ಗಡೆ, ಪಾದ್ರಿ, ಓಡಿಹೋಗುವ ಪ್ರೇಮಿಗಳು. ಮುಖ್ಯ ಪಾತ್ರ ಇಂಥದ್ದೇ ಎಂದು ಹೇಳಲಾಗುವುದಿಲ್ಲ, ನಾಯಿಗೂ ಅದರ ಪಾಲು ಇದೆ. ಇದನ್ನು ರಾತ್ರಿಯಿಡೀ ನಡೆಯುವ ನಾಟಕವಾಗಿ ಆಡಿದ್ದೂ ಉಂಟು, ಅಷ್ಟು ಹಿಡಿಸುತ್ತದೆ ಇದರಲ್ಲಿ.

ಬಯಲುಸೀಮೆಯ ನಮಗೆ ತೊಡಕು ಎರಡು. ಒಂದು, ಆ ಕಾಡಿನ ಶಬ್ದಗಳು. ಇಂಬಳ (ಕಾಡಿನ ಜಿಗಣೆ) ಕಾಲಿಗೆ ಹತ್ತುವುದು ಎಂದರೆ ಎರೆ ಹೊಲದಲ್ಲಿ ನಡೆದವರಿಗೆ ಏನು ಗೊತ್ತಾಗಬೇಕು? ಅದಕ್ಕೆ ನಿಘಂಟು ಹುಡುಕುತ್ತ ಕೂರಬೇಡಿ, ನಾಲ್ಕು ಸಲ ಬಂದರೆ ತಾನೇ ತಿಳಿಯುತ್ತದೆ. ಎರಡು, ಮನೆಗಳು. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹೂವಳ್ಳಿ. ಯಾರು ಯಾವ ಮನೆಯವರು ಎಂದು ತಲೆ ತಿರುಗುತ್ತದೆ. ನಾನು ಮಾಡಿದ ಉಪಾಯ ಹೇಳುತ್ತೇನೆ. ಒಂದು ಪೋಸ್ಟ್‌ಕಾರ್ಡಿನ ಮೇಲೆ ಮನೆಗಳ ಹೆಸರು ಬರೆದು, ಕೆಳಗೆ ಜನರ ಹೆಸರು ಸೇರಿಸುತ್ತ ಹೋದೆ. ಅದೇ ಪುಟದ ಗುರುತೂ ಆಯಿತು. ನೂರು ಪುಟ ದಾಟಿದ ಮೇಲೆ ಕಾರ್ಡು ಬೇಕಾಗಲಿಲ್ಲ. ಇದನ್ನು ಮಳೆಗಾಲದಲ್ಲಿ ಶುರು ಮಾಡಿ. ಧಾರವಾಡದ ಜಿಟಿಜಿಟಿ ಮಳೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಹುಬ್ಬಳ್ಳಿಯ ಸೆಕೆಯಲ್ಲಿ ಓದಿದರೆ ಆ ಕಾಡಿನ ಮೇಲೆ ಹೊಟ್ಟೆಕಿಚ್ಚು ಬರುತ್ತದೆ, ಅಷ್ಟೇ.

ಗಳಗನಾಥರ ಹೆಸರು ಹೇಳದಿದ್ದರೆ ಹಾವೇರಿಯವರು ಬಿಡುವುದಿಲ್ಲ. ವರದಾ ನದಿ ತುಂಗಭದ್ರೆಯನ್ನು ಸೇರುವ ಊರಿನವರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರು. ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅವರ 'ಮಾಧವ ಕರುಣಾವಿಲಾಸ' ವಿಜಯನಗರ ಹುಟ್ಟಿದ ಕಾಲದ ಕಥೆ. ಗೌರವ ಎಷ್ಟಿದ್ದರೂ ಇವತ್ತು ಮೊದಲ ಓದಿಗೆ ಇದನ್ನು ಹೇಳುವುದಿಲ್ಲ. ಭಾಷೆ ಹಳೆಯದು, ವಾಕ್ಯ ಉದ್ದ. ಹರಿಕಥೆ ಕೇಳಿ ಬೆಳೆದ ಹಿರಿಯರು ಮನೆಯಲ್ಲಿದ್ದರೆ ಅವರಿಂದ ಓದಿಸಿ ಕೇಳಿ, ರುಚಿಯೇ ಬೇರೆ.

ರೊಕ್ಕದ ಮಾತು. ತೆಳ್ಳಗಿನವನ್ನು ಕೊಂಡುಬಿಡಿ. ಅವು ಮತ್ತೆ ಮತ್ತೆ ಓದುವಂಥವು, ಯಾರಿಗಾದರೂ ಕೊಡಲೂ ಬರುತ್ತವೆ. ದಪ್ಪಗಿನದನ್ನು ಮೊದಲು ಗ್ರಂಥಾಲಯದಿಂದ ತನ್ನಿ, ನೂರು ಪುಟ ಓದಿ. ಹಿಡಿಸಿದರೆ ಕೊಳ್ಳಿ. ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಸಾರ್ವಜನಿಕ ಗ್ರಂಥಾಲಯ ಇದೆ, ಸದಸ್ಯತ್ವದ ಠೇವಣಿ ಒಂದು ದಪ್ಪ ಕಾದಂಬರಿಯ ಬೆಲೆಗಿಂತ ಎಷ್ಟೋ ಕಡಿಮೆ. ತೊಂದರೆ ಎಂದರೆ ಹದಿನೈದು ದಿನದ ಗಡುವಿನಲ್ಲಿ 'ಮಲೆಗಳಲ್ಲಿ...' ಮುಗಿಯುವುದಿಲ್ಲ, ಮತ್ತೆ ಮತ್ತೆ ಮುದ್ರೆ ಒತ್ತಿಸಬೇಕು. ವರ್ಷಕ್ಕೆ ಒಂದಷ್ಟು ಪುಸ್ತಕ ಗ್ಯಾರಂಟಿ ಓದುತ್ತೇನೆ ಎನ್ನುವವರು ಪ್ರಕಾಶನಗಳ ಚಂದಾದಾರರಾಗಬಹುದು. ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗಿನಿಂದ ನಡೆದು ಬಂದದ್ದೇ ಚಂದಾದಾರರ ಬಲದ ಮೇಲೆ. ಸುಭಾಸ ರಸ್ತೆಯ ಅವರ ಅಟ್ಟವನ್ನು ಒಮ್ಮೆಯಾದರೂ ಹತ್ತಿ ಬನ್ನಿ. ಪುಸ್ತಕ ಕೊಳ್ಳದಿದ್ದರೂ ನಡೆಯುತ್ತದೆ. ನಾನು ಹಾಗೆ ಹೋಗಿ ಪ್ರತಿ ಸಲ ಎರಡು ಹೊತ್ತುಕೊಂಡು ಬಂದಿದ್ದೇನೆ.

ಹಳೆ ಪುಸ್ತಕ ಕೊಳ್ಳುವಾಗ ನಡುವಿನ ಪುಟ ಎಣಿಸಿ ನೋಡಿ. ನಾನೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ದಪ್ಪ ಕಾದಂಬರಿ ತಂದೆ. ಹದಿನಾರು ಪುಟ ಇರಲೇ ಇಲ್ಲ. ಅದೂ ಒಂದು ಮದುವೆ ಮುರಿಯುವ ಜಾಗದಲ್ಲಿ. ಹೊಸ ಪುಸ್ತಕವಾದರೆ ನಡುವೆ ತೆರೆದು ಮೇಜಿನ ಮೇಲೆ ಇಡಿ. ತಾನೇ ಮುಚ್ಚಿಕೊಂಡರೆ ಮಲಗಿ ಓದುವವರಿಗೆ ಕಷ್ಟ. ಒಂದೇ ಕಾದಂಬರಿಯ ಎರಡು ಮುದ್ರಣದಲ್ಲಿ ಅಕ್ಷರದ ಗಾತ್ರ ಬೇರೆ ಇರುತ್ತದೆ, ಬೆಲೆ ನೋಡುವ ಮೊದಲು ಅದನ್ನು ನೋಡಿ. ಕಣ್ಣು ದಣಿಯುವವರಿಗೆ ಮೊಬೈಲಿನ ಇ-ಪುಸ್ತಕ ಒಳ್ಳೆಯದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ಕೇಳುವ ಪುಸ್ತಕಗಳೂ ಈಗ ಬಂದಿವೆ. ಆದರೆ ಕೊಳ್ಳುವ ಮೊದಲು ಐದು ನಿಮಿಷ ಕೇಳಿ. ನಮ್ಮ ಕಡೆಯ ಮಾತನ್ನು ಬೇರೆ ಕಡೆಯವರು ಓದಿದರೆ ಗಿರ್ಮಿಟ್ಟಿಗೆ ಸಕ್ಕರೆ ಹಾಕಿದ ಹಾಗಾಗುತ್ತದೆ.

ಆ ಮೂವರಿಗೆ ಏನು ಹೇಳಿದೆ? ಗದಗದವರಿಗೆ 'ಗೃಹಭಂಗ'. ಒಂದು ತಾಸಿನ ಪ್ರಯಾಣಕ್ಕೆ ಅದರ ಅಧ್ಯಾಯಗಳು ಸರಿಹೊಂದುತ್ತವೆ, ಅಣ್ಣಿಗೇರಿ ಬಂದದ್ದೂ ಗೊತ್ತಾಗುವುದಿಲ್ಲ. ಅವರು 'ಪರ್ವ'ವೇ ಬೇಕು ಎಂದು ಹಟ ಮಾಡಿದರು. ಕುಮಾರವ್ಯಾಸನ ಊರಿನವರು, ಅವರ ಹಟಕ್ಕೂ ಅರ್ಥ ಇದೆ. ಎರಡನ್ನೂ ಒಯ್ದಿದ್ದಾರೆ. ಸಪ್ತಾಪುರದ ಹುಡುಗಿಗೆ 'ಕರ್ವಾಲೊ', ಪರೀಕ್ಷೆ ಮುಗಿದ ಮೇಲೆ 'ಗಂಗವ್ವ'. "ಅಲ್ರೀ ಅಕ್ಕಾರ, ಮೊದ್ಲ ಗಂಗವ್ವನ್ನ ಕೊಡ್ರಿ, ನಮ್ಮ ಅಜ್ಜಿ ಹೆಸರೂ ಗಂಗವ್ವ" ಎಂದಳು. ಕೊಟ್ಟೆ. ನಾಲ್ಕು ದಿನದಲ್ಲಿ ಫೋನು ಬಂತು. ಓದುತ್ತಿಲ್ಲವಂತೆ, ರೂಮಿನ ಹುಡುಗಿಯರಿಗೆಲ್ಲ ರಾತ್ರಿ ಓದಿ ಹೇಳುತ್ತಿದ್ದಾಳಂತೆ.

ನಿವೃತ್ತ ಶಿಕ್ಷಕಿಗೆ ದೊಡ್ಡ ಅಕ್ಷರದ 'ಫಣಿಯಮ್ಮ' ಹುಡುಕಿಕೊಡುತ್ತೇನೆ ಎಂದೆ. ಅವರು ನಕ್ಕರು. ಅವರು ಅದನ್ನು ಬಂದ ಹೊಸದರಲ್ಲೇ ಓದಿದ್ದರು. ಅವರು ತಂದಿದ್ದ ಓದದ ಪುಸ್ತಕ 'ಮಲೆಗಳಲ್ಲಿ ಮದುಮಗಳು'. ಗಂಡ ತಂದಿಟ್ಟದ್ದು, ಅವರು ಹೋಗಿ ಆರು ವರ್ಷ. ಮೊಮ್ಮಗ ದಿನಾ ಹತ್ತು ಪುಟ ಓದಿ ಕೇಳಿಸಬೇಕು, ಅದಕ್ಕೆ ಬದಲಾಗಿ ಅವನಿಗೆ ಗಣಿತ ಹೇಳಿಕೊಡುವುದು ಎಂದು ಒಪ್ಪಂದ ಆಗಿದೆ. ಮನೆಗಳ ಹೆಸರಿನ ನನ್ನ ಪೋಸ್ಟ್‌ಕಾರ್ಡು ಈಗ ಅವರ ಹತ್ತಿರ ಇದೆ.

ಇನ್ನು ನಾನು ಓದದೇ ಉಳಿಸಿದ್ದು. ಚಿತ್ತಾಲರ 'ಶಿಕಾರಿ', ಮುಂಬೈಯ ನಾಗಪ್ಪನ ಕಥೆ. ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೇನೆ, ಅವನ ಸಂಶಯ ನನಗೂ ಅಂಟಿಕೊಳ್ಳುತ್ತದೆ. ಇನ್ನೊಂದು ಸವಣೂರಿನಲ್ಲಿ ಹುಟ್ಟಿದ ಗೋಕಾಕರ 'ಸಮರಸವೇ ಜೀವನ'. ಗಾತ್ರ ನೋಡಿಯೇ ಹಿಂದೆ ಸರಿದದ್ದು. ಅದರ ಪ್ರತಿ ನನ್ನಲ್ಲಿಲ್ಲ. ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಇದೆಯಂತೆ. ಕೊಡಲು ಒಪ್ಪಿದ್ದಾರೆ. ಷರತ್ತು, ದಸರೆಯೊಳಗೆ ತಿರುಗಿ ಕೊಡಬೇಕು, ಒಯ್ಯುವಾಗ ಅವರ ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು ಬರೆದು ಸಹಿ ಮಾಡಬೇಕು.